ಹದಿನಾಲ್ಕನೇ ಬಾವಿ

ಹರ್ಷವರ್ಧನ್‌ಗೆ ಲೋಕದ ಎಲ್ಲ ಅನುಮಾನಕ್ಕೂ ಒಂದೇ ಮದ್ದು ಗೊತ್ತಿತ್ತು: ಹತ್ತು ಪರ್ಸೆಂಟ್ ಮೇಲೆ, ಹತ್ತು ಪರ್ಸೆಂಟ್ ಕೆಳಗೆ. ಮಳೆ ಎಷ್ಟು ಇಂಗುತ್ತದೋ ಗೊತ್ತಿಲ್ಲವೇ? ಹತ್ತು ಹೆಚ್ಚು ಮಾಡಿ ನೋಡು, ಹತ್ತು ಕಮ್ಮಿ ಮಾಡಿ ನೋಡು. ಬಂಡೆಯ ಬಿರುಕಿನಲ್ಲಿ ನೀರು ಹೇಗೆ ಹರಿಯುತ್ತದೋ ಯಾರೂ ಕಂಡಿಲ್ಲವೇ? ಅದಕ್ಕೂ ಅದೇ ಕಷಾಯ. ಉತ್ತರ ಹೆಚ್ಚು ಅಲ್ಲಾಡದಿದ್ದರೆ ಮಾಡೆಲ್ ಗಟ್ಟಿಯಾಗಿದೆ ಎಂದು ಬರೆದು ಸಹಿ ಹಾಕುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಒಂದು ಮದ್ದಿನ ಬಲದಿಂದ ಅವನು ಹಾಸನದ ಬಿ.ಎಂ. ರಸ್ತೆಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ, ಹನ್ನೆರಡು ವರ್ಷದಿಂದ ಕನ್ಸಲ್ಟೆಂಟ್ ಎಂದು ಬೋರ್ಡು ಹಾಕಿಕೊಂಡು ಕೂತಿದ್ದ.

ಭಾನುಪ್ರಿಯಾ ಅಲ್ಲಿ ಮೂರು ವರ್ಷದಿಂದ ಅಂತರ್ಜಲದ ಮಾಡೆಲ್ ಕಟ್ಟುವ ಕೆಲಸದಲ್ಲಿದ್ದಳು. ಒಂದು ಊರಿನ ನೆಲವನ್ನು ಕಂಪ್ಯೂಟರಿನೊಳಗೆ ಚೌಕ ಚೌಕವಾಗಿ ಕತ್ತರಿಸಿ, ಇಲ್ಲಿ ಇಷ್ಟು ನೀರೆತ್ತಿದರೆ ಅಲ್ಲಿ ಎಷ್ಟು ಇಳಿಯುತ್ತದೆ ಎಂದು ಹೇಳುವುದು. ಹೊಳೆನರಸೀಪುರದ ಕಡೆಯ ಒಂದು ಹಳ್ಳಿಯ ಕಾಲೊನಿಯಲ್ಲಿ ಹುಟ್ಟಿದ ಹುಡುಗಿ ಭೂವಿಜ್ಞಾನ ಓದಿ ಇಷ್ಟರ ಮಟ್ಟಿಗೆ ಬಂದದ್ದೇ ದೊಡ್ಡದು ಎಂದು ಮನೆಯವರು ಹೆಮ್ಮೆಪಡುತ್ತಿದ್ದರು. ಅವಳಿಗೆ ಮಾತ್ರ ಈಚೀಚೆಗೆ ಕೆಳಗಿನ ಬೇಕರಿಯ ಕರಿದೆಣ್ಣೆಯ ವಾಸನೆಯಂತೆ ತಾನು ಮಾಡುವ ಕೆಲಸವೂ ಬಟ್ಟೆಗೆ ಅಂಟಿಕೊಂಡು ಮನೆಗೆ ಬರುತ್ತಿದೆ ಅನ್ನಿಸತೊಡಗಿತ್ತು.

ಈ ಸಲದ ಕೆಲಸ ಕಟ್ಟಾಯದ ಕಡೆಯ ಬಿದಿರೆಕೊಪ್ಪಲಿನದು. ಊರ ಹೊರಗೆ ನೀರು ತುಂಬಿ ಮಾರುವ ಒಂದು ಕಾರ್ಖಾನೆ ಬರುವುದಿತ್ತು. ದಿನಕ್ಕೆ ಆರು ಲಕ್ಷ ಲೀಟರ್ ನೆಲದಿಂದ ಎತ್ತುತ್ತೇವೆ, ಅಪ್ಪಣೆ ಕೊಡಿ ಎಂದು ಅವರು ಜಿಲ್ಲೆಯ ಪರವಾನಗಿ ಸಮಿತಿಗೆ ಅರ್ಜಿ ಹಾಕಿದ್ದರು. ಎತ್ತಿದರೆ ಊರಿನ ಬಾವಿಗಳ ಗತಿ ಏನು ಎಂದು ವರದಿ ಕೊಡಬೇಕಾದವನು ಹರ್ಷವರ್ಧನ್. ಅವನು ವರದಿಯ ಕೊನೆಯ ಪುಟವನ್ನು ಮೊದಲೇ ಬರೆದಿಟ್ಟಿದ್ದ: 'ಸುತ್ತಲಿನ ಬಾವಿಗಳ ಮೇಲೆ ಗಣನೀಯ ಪರಿಣಾಮ ಇರುವುದಿಲ್ಲ.' ಅದರ ಹಿಂದಿನ ಅರವತ್ತು ಪುಟ ತುಂಬಿಸುವುದು ಭಾನುಪ್ರಿಯಾಳ ಕೆಲಸ.

ಅವಳು ತುಂಬಿಸಿದಳು. ಇಲಾಖೆಯವರು ಆ ಸೀಮೆಯಲ್ಲಿ ಮೂವತ್ತೊಂದು ಬಾವಿ ಗುರುತು ಮಾಡಿ, ತಿಂಗಳಿಗೊಮ್ಮೆ ನೀರಿನ ಮಟ್ಟ ಅಳೆಸಿ ಬರೆಸಿದ್ದರು. ಆ ಅಂಕಿಗಳಿಗೆ ಮಾಡೆಲ್ ಹೊಂದಿಕೊಂಡಿತು. ಕಾರ್ಖಾನೆ ನೀರೆತ್ತಿದರೆ ಊರಿನ ಬಾವಿ ಎರಡಡಿ ಇಳಿಯುತ್ತದೆ ಎಂದು ಬಂತು. ಹತ್ತು ಮೇಲೆ ಮಾಡಿದಳು, ಹತ್ತು ಕೆಳಗೆ ಮಾಡಿದಳು, ಎರಡಡಿ ಎರಡಡಿಯಾಗಿಯೇ ಉಳಿಯಿತು. ಹರ್ಷವರ್ಧನ್ ಬೆನ್ನು ತಟ್ಟಿ ಕೆಳಗಿಂದ ಎಗ್ ಪಫ್ ತರಿಸಿಕೊಟ್ಟ.

ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಸುಸೂತ್ರ. ಆದರೆ ಅವಳಿಗೊಂದು ಚಾಳಿ. ಉತ್ತರ ಯಾವ ಅಂಕಿಯ ಮೇಲೆ ನಿಂತಿದೆ ಎಂದು ತಿಳಿಯುವವರೆಗೆ ಸಮಾಧಾನವಿಲ್ಲ. ಮೂವತ್ತೊಂದು ಬಾವಿಗಳಲ್ಲಿ ಒಂದೊಂದನ್ನೇ ತೆಗೆದು ಮಾಡೆಲನ್ನು ಮತ್ತೆ ಮತ್ತೆ ಓಡಿಸಿದಳು. ಹದಿಮೂರು ಬಾವಿ ಹೀಗೆ ತೆಗೆದು ಸೇರಿಸಿದಳು, ಏನೂ ಆಗಲಿಲ್ಲ. ಹದಿನಾಲ್ಕನೆಯದನ್ನು ತೆಗೆದದ್ದೇ ತಡ, ಎರಡಡಿ ಎಂದಿದ್ದ ಉತ್ತರ ಆರಡಿಯೂ ಆಗಬಹುದು, ಮೂವತ್ತಡಿಯೂ ಆಗಬಹುದು ಎಂದು ಹೇಳತೊಡಗಿತು. ಒಂದು ಊರಿನ ನೀರಿನ ಭವಿಷ್ಯವೆಲ್ಲ ಒಂದು ಬಾವಿಯ ಕಟ್ಟೆಯ ಮೇಲೆ ಕೂತಿತ್ತು. ಅಂಥ ಬಾವಿಯನ್ನು ಒಮ್ಮೆ ಕಣ್ಣಾರೆ ನೋಡಬೇಕಲ್ಲವೇ?

"ಯಾಕಮ್ಮ ಸುಮ್ಮನೆ ಬಿಸಿಲಲ್ಲಿ?" ಎಂದ ಹರ್ಷವರ್ಧನ್. "ಇಲಾಖೆ ಡೇಟಾ ಅಂದ್ಮೇಲೆ ಮುಗೀತು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇದು ಎಂದು ಮನಸ್ಸಿನಲ್ಲೇ ಬೈದುಕೊಂಡು ಅವಳು ಸ್ಕೂಟರ್ ಹತ್ತಿದಳು.

ಬಿದಿರೆಕೊಪ್ಪಲಿನಲ್ಲಿ ಬಾವಿ ಅಳೆಯುವವನು ಹುಚ್ಚಯ್ಯ. ಎಪ್ಪತ್ತರ ಹತ್ತಿರದ, ಒಣಗಿದ ಹುಣಸೆ ಕೊಂಬೆಯಂಥ ಮುದುಕ. ಹಿಂದೆ ಊರಿನ ನೀರಗಂಟಿ. ಕೆರೆಯ ತೂಬೆತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುತ್ತಿದ್ದವನು. ಕೆರೆ ಕೆಟ್ಟ ಮೇಲೆ ಇಲಾಖೆಯವರು ಅವನ ಕೈಗೆ ಉಕ್ಕಿನ ಟೇಪನ್ನೂ ಒಂದು ದಪ್ಪ ಪುಸ್ತಕವನ್ನೂ ಕೊಟ್ಟಿದ್ದರು. ಇಪ್ಪತ್ತೆರಡು ವರ್ಷದಿಂದ ತಿಂಗಳ ಮೊದಲನೇ ತಾರೀಕು ತಪ್ಪಿಸಿದವನಲ್ಲ.

"ಬೆಳಿಗ್ಗೇನೇ ಅಳೀಬೇಕು ಕಣವ್ವ, ಮೋಟ್ರು ಆಕಾಕ್ ಮುಂಚೆ," ಎಂದು ಅವನು ಉತ್ಸಾಹದಿಂದ ಬಾವಿಯ ಹತ್ತಿರ ಕರೆದುಕೊಂಡು ಹೋದ. ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿದ. ಇಳಿಬಿಟ್ಟ. ಎತ್ತಿ, ಸುಣ್ಣ ಒದ್ದೆಯಾದ ಕಡೆ ಉಗುರಿಟ್ಟು ತೋರಿಸಿದ. "ಇಪ್ಪತ್ಮೂರಡಿ. ಬಾವಿ ಮೂವತ್ತೆರ್ಡಡಿ. ಅಂದ್ರೆ ನೀರು ಒಂಬತ್ತಡಿ. ಸುಳ್ಳಿದ್ರೆ ನನ್ ಕಣ್ಣೋಗ್ಲಿ."

ಸುಳ್ಳಿರಲಿಲ್ಲ. ಪುಸ್ತಕದ ಒಂದೊಂದು ಅಂಕಿಯೂ ಅಚ್ಚುಕಟ್ಟು. ಭಾನುಪ್ರಿಯಾ ಮೊಬೈಲಿನಲ್ಲಿ ನಕ್ಷೆ ತೆರೆದು ನೋಡಿದಳು. ಅವಳು ನಿಂತಿದ್ದದ್ದು ಕೆರೆ ಏರಿಯ ಕೆಳಗಿನ ತಗ್ಗಿನಲ್ಲಿ, ಕಾಲೊನಿಯ ಬಾವಿಯ ಪಕ್ಕ. ಹದಿನಾಲ್ಕನೇ ಬಾವಿಯ ಗುರುತು ಇದ್ದದ್ದು ಅರ್ಧ ಮೈಲಿ ಆಚೆ, ದಿಣ್ಣೆಯ ಮೇಲೆ, ಈಶ್ವರನ ದೇವಸ್ಥಾನದ ಅಂಗಳದಲ್ಲಿ, ಕಾರ್ಖಾನೆಯ ಜಾಗಕ್ಕೆ ತಾಗಿದಂತೆ.

"ಹುಚ್ಚಯ್ಯಣ್ಣ, ನಂಬರ್ ಬರೆದ ಬಾವಿ ಇದಲ್ಲವಲ್ಲ?"

ಮುದುಕನ ಮುಖ ಇಳಿಯಿತು. ಟೇಪನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಅಲ್ಲ ಕಣವ್ವ. ನಂಬ್ರು ಬರ್ದಿರಾದು ದೇವಸ್ಥಾನದ್ ಬಾವಿಗೇಯ. ಮೊದುಲ್ನೇ ದಿವ್ಸ ಟೇಪು ತಕಂಡ್ ಓದೆ. 'ಕಟ್ಟೆ ಅತ್ತಬ್ಯಾಡ, ನಿನ್ ಟೇಪು ನೀರ್ ಮುಟ್ತದೆ' ಅಂದ್ರು. ಕೆರೆ ನೀರ್ನೆಲ್ಲ ಇದೇ ಕೈಲಿ ಅವ್ರ ಗದ್ದೆಗೆ ಬುಟ್ಟಿವ್ನಿ, ಅದ್ಕೇನೂ ಆಗಿರ್ನಿಲ್ಲ. ಟೇಪ್ಗೆ ಆಯ್ತದಂತೆ."

"ಇಲಾಖೆಯವರಿಗೆ ಹೇಳಲಿಲ್ಲವಾ?"

"ಯೋಳ್ದೆ. ಆಗಿನ್ ಸಾಯೇಬ್ರು ಅಂದ್ರು, 'ನೀರು ನೀರೇ ಕಣಯ್ಯ, ಎಲ್ಲಾನ ಅಳ್ದು ಬರಿ, ಊರಲ್ಲಿ ಗಲಾಟೆ ಬ್ಯಾಡ.' ಅದ್ಕೇ ನಮ್ ಬಾವೀನೇ ಅಳ್ದು ಬರ್ದೆ."

ನೀರು ನೀರೇ! ತಗ್ಗಿನ ಬಾವಿಯ ನೀರನ್ನು ದಿಣ್ಣೆಯ ಮೇಲಿದೆ ಎಂದು ನಂಬಿದ ಮಾಡೆಲ್, ಬಿದಿರೆಕೊಪ್ಪಲಿನ ಹೊಟ್ಟೆಯಲ್ಲಿ ಇಲ್ಲದ ಸಮುದ್ರವೊಂದನ್ನು ಕಟ್ಟಿಕೊಂಡಿತ್ತು. ಅವಳು ಮೂರು ತಿಂಗಳು ಕೂತು ಮಣ್ಣಿನ ಗುಣ, ಬಂಡೆಯ ಗುಣ, ಮಳೆಯ ಗುಣ ಎಂದು ಅನುಮಾನಗಳನ್ನು ಪಟ್ಟಿ ಮಾಡಿದ್ದಳು. ಮನುಷ್ಯರ ಹೇಸಿಗೆಗೆ ಆ ಪಟ್ಟಿಯಲ್ಲಿ ಸಾಲೇ ಇರಲಿಲ್ಲ.

ಕಾಲೊನಿಯ ಬಾವಿಗೆ ಪಂಚಾಯಿತಿಯವರು ಕೂರಿಸಿದ ಮೋಟರಿನಿಂದ ನೀಲಿ ಪೈಪೊಂದು ಹೊರಟು ದಿಣ್ಣೆ ಹತ್ತಿತ್ತು. ಅವಳು ಅದರ ಜಾಡು ಹಿಡಿದೇ ಮೇಲಕ್ಕೆ ಹೋದಳು. ಪೈಪು ಊರಿನ ಓವರ್‌ಹೆಡ್ ಟ್ಯಾಂಕಿಗೆ ಸೇರಿತ್ತು. ಟ್ಯಾಂಕಿನಿಂದ ಎಲ್ಲ ಮನೆಯ ನಲ್ಲಿಗಳಿಗೂ, ದೇವಸ್ಥಾನದ ಅಂಗಳದ ನಲ್ಲಿಗೂ. ಪೈಪಿನಲ್ಲಿ ಬಂದ ನೀರಿಗೆ ಜಾತಿ ಇಲ್ಲ, ನೋಡಿ. ಮೋಟರು ಮುಟ್ಟಿದರೆ ಮಡಿ.

ಪೂಜೆಯ ಈಶ್ವರಯ್ಯನವರು ಅರವತ್ತರ ಆಸುಪಾಸಿನವರು, ಸೌಮ್ಯವಾದ ಮಾತು. ಕೊರಳಿನ ಐಡಿ ಕಾರ್ಡು ನೋಡಿ, "ಬನ್ನಿ ಮೇಡಂ, ಬಿಸ್ಲಲ್ಲಿ ಬಂದಿದೀರಿ," ಎಂದು ಕೂರಿಸಿ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಬಾವಿ ನೋಡುತ್ತೇನೆ ಎಂದರೆ ತಾವೇ ಕಬ್ಬಿಣದ ಜಾಲರಿ ಸರಿಸಿದರು. ಅವಳು ತನ್ನ ಟೇಪಿಗೂ ಸುಣ್ಣ ಉಜ್ಜಿ, ಬಗ್ಗಿ ಇಳಿಬಿಟ್ಟಳು. ಎಪ್ಪತ್ತಡಿಗೆ ಟೇಪಿನ ತುದಿಯ ಗುಂಡು ಠಣ್ ಎಂದಿತು. ಎತ್ತಿದರೆ ಸುಣ್ಣ ಹಾಕಿದ ಹಾಗೇ ಇತ್ತು, ಒಂದು ಹನಿ ಪಸೆಯಿಲ್ಲ. ಟಾರ್ಚ್ ಬಿಟ್ಟಳು. ತಳದಲ್ಲಿ ಪ್ಲಾಸ್ಟಿಕ್ ಕವರು, ಕೊಳೆತ ಹೂವಿನ ಹಾರ, ತೆಂಗಿನ ಚಿಪ್ಪು, ಗಾಜು ಒಡೆದ ದೇವರ ಫೋಟೋಗಳು, ಸತ್ತ ಬೆಕ್ಕಿನದೋ ನಾಯಿಯದೋ ಒಂದು ಚಕ್ಕಳ. ಇದನ್ನು ಹುಚ್ಚಯ್ಯನ ಟೇಪಿನಿಂದ ಇಪ್ಪತ್ತೆರಡು ವರ್ಷ ಕಾಪಾಡಿದ್ದರು.

"ಬತ್ತಿ ಹನ್ನೊಂದು ವರ್ಷ ಆಯ್ತು," ಎಂದರು ಈಶ್ವರಯ್ಯ. ಆಮೇಲೆ, ತೀರ ಸಹಜವಾಗಿ, "ನಿಮ್ದು ಯಾವ ಕಡೆ ಆಯ್ತು ಮೇಡಂ? ಯಾರ ಪೈಕಿ?"

"ಹೊಳೆನರಸೀಪುರ," ಎಂದಳು. ಎರಡನೇ ಪ್ರಶ್ನೆ ಕೇಳಿಸದವಳಂತೆ ಮಜ್ಜಿಗೆ ಮುಗಿಸಿ, ಲೋಟ ಕೆಳಗಿಟ್ಟು ಎದ್ದಳು. ಸ್ಕೂಟರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬಾಯಲ್ಲಿ ಆ ಮಜ್ಜಿಗೆಯ ಹುಳಿ ಇತ್ತು. ಊರಿನವರ ಮೇಲೆ ಬಂದ ಅಸಹ್ಯಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚಾಗಿಯೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಆ ಸಂಜೆಯೇ ಸರಿಯಾದ ಅಂಕಿಗಳನ್ನು ಕೊಟ್ಟು ಮಾಡೆಲ್ ಓಡಿಸಿದಳು. ಇಪ್ಪತ್ಮೂರಡಿಯನ್ನು ಕಾಲೊನಿಯ ಬಾವಿಗೆ ಸೇರಿಸಿದಳು. ದಿಣ್ಣೆಯ ಬಾವಿಗೆ ಎಪ್ಪತ್ತಡಿಗೂ ನೀರಿಲ್ಲ ಎಂದು ಕೊಟ್ಟಳು. ಈ ಸಲ ಹತ್ತು ಪರ್ಸೆಂಟಿನ ಆಟವಾಡದೆ, ನೆಲ ಎಷ್ಟು ಬೇರೆಯಾಗಿರಲು ಸಾಧ್ಯವೋ ಅಷ್ಟೂ ಬೇರೆಯಾಗಿಸಿ ಐನೂರು ಸಲ ಓಡಿಸಿದಳು. ಎಷ್ಟೆಷ್ಟೋ ಉತ್ತರ ಬಂದವು. ತೀರ ಒಳ್ಳೆಯ ಉತ್ತರದಲ್ಲೂ ಕಾಲೊನಿಯ ಬಾವಿ ಹನ್ನೆರಡಡಿ ಇಳಿಯುತ್ತಿತ್ತು. ಬಾವಿಯಲ್ಲಿ ಇರುವ ನೀರೇ ಒಂಬತ್ತಡಿ. ಅನುಮಾನ ಎಷ್ಟೇ ಇರಲಿ, ಬಾವಿ ಬತ್ತುವುದರಲ್ಲಿ ಮಾತ್ರ ಇರಲಿಲ್ಲ. ಅದರ ಹಿಂದೆಯೇ ಊರಿನ ಎಲ್ಲ ನಲ್ಲಿಗಳೂ.

ಹರ್ಷವರ್ಧನ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಕೇಳುತ್ತಲೇ ಪಫ್ ತಿಂದ. ಪುಡಿ ಅಂಗಿಯ ಮೇಲೆ ಉದುರಿತು.

"ಆ ಮುದುಕ ಅಳೆದಿದ್ದು ನಿಜಾನೇ ತಾನೇ? ಸ್ವಲ್ಪ ಪಕ್ಕದ್ದು ಅಷ್ಟೆ."

"ಸ್ವಲ್ಪ ಅಲ್ಲ ಸರ್. ಅರ್ಧ ಮೈಲಿ."

"ನೋಡು ಭಾನು, ನೀನು ಅಳೆದಿದ್ದಕ್ಕೆ ಬೆಲೆ ಇಲ್ಲ. ಇಲಾಖೆ ರೀಡರ್ ಅಳೆದು ಪುಸ್ತಕದಲ್ಲಿ ಬರೆದಿದ್ದೇ ಲೆಕ್ಕ." ಬಾಯಿ ಒರೆಸಿಕೊಂಡ. "ನಿನಗೆ ಅಷ್ಟೊಂದು ಸಂಕಟ ಆದ್ರೆ ಅನಿಶ್ಚಿತತೆ ಅನ್ನೋ ಚಾಪ್ಟರ್‌ನಲ್ಲಿ ಒಂದು ಸಾಲು ಸೇರಿಸು. 'ಹದಿನಾಲ್ಕನೇ ಬಾವಿಯಲ್ಲಿ ರೀಡರನ ನಿರ್ಲಕ್ಷ್ಯದಿಂದ ಅಲ್ಪಸ್ವಲ್ಪ ವ್ಯತ್ಯಾಸ ಇರಬಹುದು.' ಅವನ ಮೇಲೆ ಇಲಾಖೆಯವರು ಏನು ಮಾಡ್ತಾರೋ ಮಾಡ್ಕೊಳ್ಳಲಿ. ಹತ್ತು ಪರ್ಸೆಂಟ್ ಒಳಗೇ ತೋರಿಸು."

ಭಾನುಪ್ರಿಯಾ ಅವನ ಅಂಗಿಯ ಮೇಲಿನ ಪುಡಿಯನ್ನೇ ನೋಡುತ್ತ ನಿಂತಳು. ಬಾವಿಗೆ ಬಗ್ಗಬೇಡ ಎಂದವರ ಹೆಸರಿಲ್ಲ, ಎಲ್ಲಾದರೂ ಅಳೆ ಎಂದವನ ಹೆಸರಿಲ್ಲ, ನಿರ್ಲಕ್ಷ್ಯ ಮಾತ್ರ ಹುಚ್ಚಯ್ಯನದು. ಇಷ್ಟು ನುಣ್ಣಗೆ ತಪ್ಪನ್ನು ಕೆಳಗೆ ಜಾರಿಸುವುದನ್ನು ಅವಳು ತನ್ನ ಊರಿನಲ್ಲಿ ಹುಟ್ಟಿದಂದಿನಿಂದ ನೋಡಿದ್ದಳು. ಆದರೆ ಅಲ್ಲಿ ಅದಕ್ಕೆ ಚಾಪ್ಟರ್ ನಂಬರ್ ಹಾಕುತ್ತಿರಲಿಲ್ಲ.

ಆದರೂ ಅವನ ಬಾಯಿಂದಲೇ ದಾರಿ ಬಿದ್ದಿತ್ತು. ರೀಡರ್ ಅಳೆದು ಪುಸ್ತಕದಲ್ಲಿ ಬರೆದರೆ ಲೆಕ್ಕ. ಅವಳು ಪರವಾನಗಿ ಸಮಿತಿಯ ಕಚೇರಿಯ ಪ್ರೇಮಕುಮಾರಿಯವರಿಗೆ ಫೋನ್ ಮಾಡಿದಳು. ಆಕೆ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. "ಶುಕ್ರವಾರ ಮೂರು ಗಂಟೆಗೆ ಮೀಟಿಂಗು. ಅಷ್ಟರೊಳಗೆ ರೀಡರ್ ರುಜು ಮಾಡಿದ ಪುಟ, ಆ ಬಾವಿ ಹತ್ರ ಅವನು ಅಳೀತಿರೋ ಫೋಟೋ ಬಂದ್ರೆ ಫೈಲು ಮರು ಅಳತೆಗೆ ವಾಪಸ್ ಹೋಗುತ್ತೆ. ಬರದಿದ್ರೆ ಪಾಸು. ಬಾಯಿಮಾತು ನಂಗೆ ಬೇಡ."

ಶುಕ್ರವಾರ ಬೆಳಿಗ್ಗೆ, ದೇವಸ್ಥಾನದ ಬಾವಿ ಅಳೆಯೋಣ ಬನ್ನಿ ಎಂದರೆ ಹುಚ್ಚಯ್ಯ ಕೈಮುಗಿದುಬಿಟ್ಟ.

"ಬ್ಯಾಡ ಕಣವ್ವ. ನೀವು ಅಳೆಸ್ಬುಟ್ಟು ಗಾಡಿ ಅತ್ಕಂಡ್ ಓಯ್ತೀರ. ನಾನು ಇಲ್ಲೇ ಬದುಕ್ಬೇಕು."

ಮುದುಕ ಹೇಳಿದ್ದು ಸತ್ಯ. ಅವಳು ಸುತ್ತಿ ಬಳಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಕಾರ್ಖಾನೆ ನೀರೆತ್ತಿದರೆ ನಿಮ್ಮ ಬಾವಿ ಹನ್ನೆರಡಡಿ ಇಳಿಯುತ್ತದೆ, ಅದಕ್ಕಿಂತ ಕಮ್ಮಿ ಇಲ್ಲ. ಊರಿನಲ್ಲಿ ಬೇಕಾದಷ್ಟು ನೀರಿದೆ ಎಂದು ಅವರು ತೋರಿಸುತ್ತಿರುವುದು ನಿಮ್ಮ ಪುಸ್ತಕದ ಅಂಕಿಯನ್ನೇ.

ಹುಚ್ಚಯ್ಯ ಪುಸ್ತಕದ ರಟ್ಟು ಸವರಿದ.

"ನಾನ್ ಬರ್ದಿದ್ ಲೆಕ್ಕಾನೇ ತೋರ್ಸಿ ನನ್ ಬಾವಿ ಬತ್ತುಸ್ತಾರಾ?"

"ಹೂಂ."

"ಥೂ ಇವ್ರ ಜನ್ಮುಕ್ಕಿಷ್ಟು!" ಎಂದು ಉಗಿದು, ಒಳಗೆ ಹೋಗಿ, ಗೂಡಿನಿಂದ ಸೀಮೆಸುಣ್ಣ ತೆಗೆದುಕೊಂಡು ಬಂದ.

ದೇವಸ್ಥಾನದ ಜಗಲಿಯ ಮೇಲೆ ನಾಲ್ಕಾರು ಜನ ಕೂತಿದ್ದರು. ಹುಚ್ಚಯ್ಯ ಅಂಗಳಕ್ಕೆ ಕಾಲಿಟ್ಟದ್ದೇ ಈಶ್ವರಯ್ಯನವರು ಎದ್ದು ಬಂದರು. ಆಗಲೂ ದನಿ ಏರಿಸಲಿಲ್ಲ.

"ನೀವೇ ಅಳೀರಿ ಮೇಡಂ. ಅವನ್ಯಾಕೆ? ಹೋದ ವಾರ ನೀವು ಅಳೆದಾಗ ನಾವೇನಾದ್ರೂ ಬೇಡ ಅಂದ್ವಾ?"

ಹೋದ ವಾರ ನುಂಗಿದ ಮಾತು ಅವಳ ಗಂಟಲಲ್ಲೇ ಇತ್ತು. ಈಗ ಹೇಳಿದಳು: "ನಾನೂ ಅವರ ಪೈಕಿನೇ ಸ್ವಾಮಿ. ನೀವು ಕೇಳಿದಿರಿ, ನಾನು ಹೇಳಲಿಲ್ಲ. ಕೆಡುವುದಿದ್ದರೆ ನಿಮ್ಮ ಬಾವಿ ಹೋದ ವಾರವೇ ಕೆಟ್ಟಿದೆ, ನಿಮ್ಮ ಲೋಟವೂ."

ಈಶ್ವರಯ್ಯ ಅವಳ ಕೊರಳಿನ ಕಾರ್ಡನ್ನು ಒಮ್ಮೆ ನೋಡಿದರು, ಮೋಸಹೋದವರ ಹಾಗೆ. ಜಗಲಿಯ ಮೇಲಿದ್ದ ಒಬ್ಬ ಎದ್ದು ನಿಂತ. ಅವಳು ಮೊಬೈಲ್ ಎತ್ತಿ ಹಿಡಿದದ್ದನ್ನು ಕಂಡು, ಜಾತಿನಿಂದನೆಯ ಕೇಸಿನ ನೆನಪಾಗಿ, ಮತ್ತೆ ಕೂತ. ಇಷ್ಟೇ ಇವರ ಧರ್ಮದ ಗಟ್ಟಿತನ.

ಹುಚ್ಚಯ್ಯ ಕಟ್ಟೆಯ ಮೇಲೆ ಎದೆಯಿಟ್ಟು ಬಗ್ಗಿದ. ಟೇಪು ಇಳಿಯಿತು, ಇಳಿಯಿತು. ಠಣ್ ಎಂದಿತು. ಅವನು ಮೆಲ್ಲಗೆ ಎತ್ತಿ, ಸುಣ್ಣದ ಮೇಲೆ ಉಗುರಾಡಿಸಿ ಒದ್ದೆ ಹುಡುಕಿದ. ಒಣಗಿದ ಸುಣ್ಣದ ಪುಡಿ ಉಗುರಿಗೆ ಬಂತು. ಪುಸ್ತಕ ಬಿಚ್ಚಿ, ಇಪ್ಪತ್ತೆರಡು ವರ್ಷದ ಅಂಕಿಗಳ ಕೆಳಗೆ, ಮಕ್ಕಳು ಬರೆಯುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಬರೆದ: 'ದೇವಸ್ಥಾನದ ಬಾವಿ. ಎಪ್ಪತ್ತಡಿ. ನೀರಿಲ್ಲ.' ಕೆಳಗೆ ರುಜು.

ಭಾನುಪ್ರಿಯಾ ಫೋಟೋ ತೆಗೆದು, ಐನೂರು ಉತ್ತರಗಳ ಒಂದು ಹಾಳೆಯನ್ನೂ ಸೇರಿಸಿ, ಅಲ್ಲಿಂದಲೇ ಪ್ರೇಮಕುಮಾರಿಯವರಿಗೆ ಕಳಿಸಿದಳು. ಹರ್ಷವರ್ಧನ್‌ಗೂ ಒಂದು ಪ್ರತಿ ಹಾಕಿದಳು. ಕಳ್ಳತನದಲ್ಲಿ ಮಾಡುವ ಕೆಲಸವಲ್ಲ ಇದು. ಮೊದಲು ಬಂದ ಉತ್ತರ ಅವನದೇ: ನಾಳೆಯಿಂದ ಆಫೀಸಿಗೆ ಬರುವುದು ಬೇಡ. ಅವಳಿಗೆ ಆಶ್ಚರ್ಯವಾಗಲಿಲ್ಲ. ಬಟ್ಟೆಯಿಂದ ಕರಿದೆಣ್ಣೆಯ ವಾಸನೆ ಹೋಗುತ್ತದಲ್ಲ ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಪ್ರೇಮಕುಮಾರಿಯವರದು ಬಂತು. 'ತಲುಪಿದೆ. ಫೈಲು ಮರು ಅಳತೆಗೆ ವಾಪಸ್.'

"ಉಳೀತಾ?" ಎಂದ ಹುಚ್ಚಯ್ಯ.

"ಸದ್ಯಕ್ಕೆ ಉಳೀತು."

ಹೊರಡೋಣ ಎಂದು ಅವರು ಅಂಗಳ ದಾಟುವುದರೊಳಗೆ ಹಿಂದಿನಿಂದ ನಲ್ಲಿ ತಿರುಗಿಸಿದ ಸದ್ದು ಬಂತು. ತಿರುಗಿ ನೋಡಿದರು. ಜಗಲಿಯ ಮೇಲೆ ಎದ್ದು ನಿಂತು ಮತ್ತೆ ಕೂತಿದ್ದವನೇ ನಲ್ಲಿಗೆ ಪೈಪು ಸಿಕ್ಕಿಸಿ ಬಾವಿಕಟ್ಟೆ ತೊಳೆಯುತ್ತಿದ್ದ. ಈಶ್ವರಯ್ಯನವರು ಚಿಟಿಕೆ ಅರಿಸಿನ ಹಾಕಿದ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಹುಚ್ಚಯ್ಯ ಎದೆಯಿಟ್ಟಿದ್ದ ಜಾಗವನ್ನು ಅವನು ಕಾಯಿನಾರಿನಿಂದ ಗಸಗಸ ಉಜ್ಜಿದ. ಕಾಲೊನಿಯ ಬಾವಿಯಿಂದ ಬೆಳಿಗ್ಗೆ ಮೋಟರು ಎತ್ತಿ ಮೇಲಕ್ಕೆ ಕಳಿಸಿದ್ದ ನೀರು ಕಟ್ಟೆಯ ತುಂಬ ಹರಿಯಿತು, ಅಂಚಿನಿಂದ ಇಳಿದು, ಜಾಲರಿಯ ಸಂದಿನಲ್ಲಿ ಬತ್ತಿದ ಬಾವಿಗೆ ಬಿತ್ತು. ಬೀಳುವ ಸದ್ದು ಎಪ್ಪತ್ತಡಿ ಕೆಳಗಿಂದ ಕೇಳಿಸಿತು.

ಭಾನುಪ್ರಿಯಾ ನಲ್ಲಿ ನಿಲ್ಲಿಸಲೆಂದು ಎರಡು ಹೆಜ್ಜೆ ಹಿಂದಕ್ಕೆ ನಡೆದಳು.

ಹುಚ್ಚಯ್ಯ ಮಾತ್ರ ನಿಂತಲ್ಲೇ ನಿಂತು, ಒಬ್ಬ ನೀರಗಂಟಿ ಹರಿಯುವ ನೀರನ್ನು ನೋಡುವ ಹಾಗೆ, ಎಷ್ಟು ಹೊತ್ತು ಬಿಟ್ಟರು ಎಂದು ನೋಡಿದ. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಟೇಪಿನ ತುದಿಗೆ ನಿಧಾನವಾಗಿ ಉಜ್ಜುತ್ತ, ಅವರಿಗೆಲ್ಲ ಕೇಳುವ ಹಾಗೆ ಅಂದ:

"ಈಗ ನೀರು ಬಂತು ಕಣವ್ವ. ಇನ್ನೊಂದ್ಸಲ ಅಳೀಲಾ?"